ಬೆಳ್ಳಿಮೋಡ ಬರೀ ಅಳೋ ಸಿನಿಮಾ ಅಲ್ಲ

ಹಳೇ ಪ್ರೇಮಕಥೆಯ ಸಿನಿಮಾ ಅಂದರೆ ಸಾಕು, 'ಕರ್ಚೀಫು ಇಟ್ಕೊಂಡು ಕೂತ್ಕೊಳ್ಳಿ' ಅಂತ ನಗುವವರಿದ್ದಾರೆ. ಅವರ ಜತೆ ನಮ್ಮ ಜಗಳ.

ತ್ರಿವೇಣಿಯವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲ್ 1967ರಲ್ಲಿ ಮಾಡಿದ 'ಬೆಳ್ಳಿಮೋಡ'ವನ್ನೇ ನೋಡಿ. ಇಂದಿರಾ ಒಬ್ಬಳೇ ಮಗಳು, ಆಸ್ತಿಯೆಲ್ಲ ಅವಳಿಗೇ ಅಂತ ಮದುವೆ ಗೊತ್ತಾಗುತ್ತದೆ. ಅವಳಿಗೊಬ್ಬ ತಮ್ಮ ಹುಟ್ಟಿದ್ದೇ ತಡ, ಹುಡುಗನ ಪ್ರೀತಿ ಮಾಯ! ಕೊನೆಗೆ ಅವನೇ ಪಶ್ಚಾತ್ತಾಪಪಟ್ಟು ಬಂದರೂ ಇಂದಿರಾ (ಕಲ್ಪನಾ ಬಿಟ್ಟರೆ ಆ ಪಾತ್ರಕ್ಕೆ ಇನ್ಯಾರು?) ಒಲ್ಲೆ ಅನ್ನುತ್ತಾಳೆ. ಹೆನ್ರಿ ಜೇಮ್ಸ್ ಕಾದಂಬರಿ ಮೂಲದ ಹಾಲಿವುಡ್ ಸಿನಿಮಾ 'ದಿ ಏರೆಸ್' (1949) ಕೂಡ ಅಂಥದ್ದೇ. ಹಣ ನೋಡಿ ಬಂದವನು ಬಾಗಿಲು ಬಡಿಯುತ್ತಲೇ ಇರುತ್ತಾನೆ, ಅವಳು ತೆಗೆಯುವುದಿಲ್ಲ.

ಇದು ಕಣ್ಣೀರಿನ ಕಥೆಯೋ, ಆಸ್ತಿಯ ಕಥೆಯೋ?

ನಮ್ಮ ಕೃಷ್ಣರಾಜಪುರದ ಸುತ್ತ ರಾಗಿ ಹೊಲ ಸೈಟುಗಳಾದವು. ಆಗ ಗಂಡನ ಮನೆಯಿಂದ ಹೆಣ್ಣುಮಕ್ಕಳನ್ನು ಕರೆಸಿ, 'ಮದುವೆಗೆ ಖರ್ಚು ಮಾಡಿದ್ದೀವಲ್ಲಮ್ಮ' ಅಂತ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡವರು ಕಡಿಮೆಯೇ? 2005ರ ತಿದ್ದುಪಡಿಯಾದ ಮೇಲೆ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ತಮ್ಮ ಹುಟ್ಟಿದರೂ ಇಂದಿರಾಳ ಪಾಲು ಇದ್ದೇ ಇರುತ್ತದೆ. ಅಕ್ಕಂದಿರೇ, ಪತ್ರ ಪೂರ್ತಿ ಓದಿಸಿ ಕೇಳಿ. ಸಹಿ ಆಮೇಲೆ ನೋಡೋಣ.