ಕಾರಿನ ಗಾಳಿಯೂದುವ ಮೋಟಾರು

ಕಾರಿನೊಳಕ್ಕೆ ತಂಪುಗಾಳಿಯನ್ನೂ ಬಿಸಿಗಾಳಿಯನ್ನೂ ಊದುವುದು ಬ್ಲೋವರ್ ಎಂಬ ಒಂದೇ ಮೋಟಾರು. ಇದು ಕೇವಲ ಸೌಖ್ಯಸಾಧನವೆಂದು ವಾಚಕರು ಎಣಿಸಬಾರದು. ಮಳೆಗಾಲದಲ್ಲಿ ಮುಂಗಾಜಿನ ಒಳಮೈಗೆ ಕವಿಯುವ ಮಂಜನ್ನು ಕಳೆಯತಕ್ಕದ್ದೂ ಇದೇ. ಆಗುಂಬೆಯ ಘಾಟಿಯಲ್ಲಿ ಇದು ನಿಂತುಹೋದರೆ ದಾರಿಯೇ ಕಾಣದು.

ಇದನ್ನು ಮನೆಯಲ್ಲಿಯೇ ಬದಲಿಸಬಹುದು. ಆದರೆ ನಿದಾನಕ್ಕೆ ಮುಂಚೆ ಚಿಕಿತ್ಸೆ ಸಲ್ಲದು. ವೇಗದ ಗುಂಡಿಯನ್ನು ಒಂದೊಂದೇ ಮೆಟ್ಟಿಲು ತಿರುಗಿಸಿ ನೋಡಿರಿ. ಕಡೆಯ ವೇಗದಲ್ಲಿ ಮಾತ್ರ ಗಾಳಿ ಬರುವುದಾದರೆ ಮೋಟಾರು ನಿರ್ದೋಷಿ. ಕೆಳವೇಗಗಳಲ್ಲಿ ವಿದ್ಯುತ್ತನ್ನು ತಗ್ಗಿಸುವ ರೆಸಿಸ್ಟರು ಸುಟ್ಟಿರುವ ಸಂಭವವೇ ಹೆಚ್ಚು. ಅದು ಸ್ವಲ್ಪ ಹಣದ ವಸ್ತು. ಗಾಳಿಯೇ ಬಾರದಿದ್ದರೆ ಮೊದಲು ಫ್ಯೂಸನ್ನು ಪರೀಕ್ಷಿಸತಕ್ಕದ್ದು. ಬಳಿಕ ಗುಂಡಿಯನ್ನು ಕಡೆಯ ವೇಗದಲ್ಲಿಟ್ಟು ಮೋಟಾರಿನ ತಂತಿಯನ್ನು ಅಳೆಯಬೇಕು. ಅಲ್ಲಿಗೆ 12 ವೋಲ್ಟು ಬಂದರೂ ಮೋಟಾರು ತಿರುಗದಿದ್ದರೆ ದೋಷವು ಅದರದೇ. ಕರಕರ ಸದ್ದು ಮಾತ್ರವಿದ್ದರೆ ಒಳಗೆ ಒಣಗಿದ ಎಲೆ ಸಿಕ್ಕಿರಲೂಬಹುದು.

ನಮ್ಮ ದೇಶದ ಬಹುತೇಕ ಕಾರುಗಳಲ್ಲಿ ಇದು ಎಡಗಡೆಯ ಗ್ಲೋವ್ ಬಾಕ್ಸಿನ ಹಿಂದೆ ಅಡಗಿರುತ್ತದೆ. ಕೈ ಹಾಕುವ ಮೊದಲು ಬೀಗದ ಕೈಯನ್ನು ತೆಗೆದು, ಬ್ಯಾಟರಿಯ ಋಣತಂತಿಯನ್ನು ಬಿಡಿಸತಕ್ಕದ್ದು. ಹಳದಿ ಬಣ್ಣದ ಜೋಡಣೆಗಳು ಸಾಮಾನ್ಯವಾಗಿ ಏರ್‌ಬ್ಯಾಗಿಗೆ ಸೇರಿದವು. ಅವನ್ನು ಮುಟ್ಟಲೇ ಕೂಡದು. ಮೋಟಾರಿನ ತಂತಿಯನ್ನು ಕಳಚಿ, ಸ್ಕ್ರೂಗಳನ್ನು ಬಿಚ್ಚಿ, ಒಂದು ಬಟ್ಟಲಿನಲ್ಲಿಡಿರಿ. ಮೋಟಾರು ಚಕ್ರಸಮೇತ ಕೆಳಗಿಳಿಯುವುದು. ಹಳೆಯ ಚಕ್ರವನ್ನೂ ಹೊಸದನ್ನೂ ಅಕ್ಕಪಕ್ಕ ಹಿಡಿದು, ಅಳತೆಯೂ ಅಲಗುಗಳ ಬಾಗೂ ಒಂದೇ ಎಂದು ನಿಶ್ಚಯಿಸಿಕೊಂಡು ಕೂರಿಸಿರಿ. ಪೆಟ್ಟಿಗೆಯನ್ನು ಮುಚ್ಚುವ ಮುನ್ನ ಬ್ಯಾಟರಿಯನ್ನು ಜೋಡಿಸಿ ಎಲ್ಲ ವೇಗಗಳಲ್ಲಿಯೂ ಓಡಿಸಿ ನೋಡಿರಿ.

ಈ ಕೆಲಸವನ್ನು ಮುಂಗಾರಿಗೆ ಮೊದಲೇ ಮುಗಿಸುವುದು ಗೃಹಸ್ಥರಿಗೆ ಕ್ಷೇಮವೆಂದು ನಮ್ಮ ಅಭಿಪ್ರಾಯ.