ತಾತ, ಕಪ್ಪೆ!

ಮಕ್ಕಳೇ, ಜೋರುಮಳೆಯ ರಾತ್ರಿ ತಾತನ ಕಾರು ಕನಕಪುರ ರಸ್ತೆ ಬಿಟ್ಟು ತುರಹಳ್ಳಿ ಕಾಡಿನ ಕಡೆ ತಿರುಗಿದರೆ ಕಿಟಕಿ ಇಳಿಸಿ ಕಿವಿಗೊಡಿ. ನೀರು ನಿಂತ ಗುಂಡಿಯಲ್ಲಿ ಬುಲ್‌ಫ್ರಾಗ್ ಎಂಬ ದೊಡ್ಡ ಕಪ್ಪೆ ಕೂಗುತ್ತಿರಬಹುದು. ಉಳಿದ ದಿನ ಕೆಸರಿನ ಬಣ್ಣದಲ್ಲಿ ಅಡಗಿರುವ ಗಂಡು, ಮುಂಗಾರಿನಲ್ಲಿ ನಿಂಬೆಹಣ್ಣಿನ ಹಳದಿಗೆ ತಿರುಗುತ್ತದೆ. ಕೂಗುವಾಗ ಗಂಟಲಿನ ಎರಡೂ ಬದಿ ನೀಲಿ ಬಲೂನು ಉಬ್ಬುತ್ತವೆ. ಮದುವಣಿಗನೇ ಸರಿ!

ಫೋಟೊ ಬೇಕೇ? ಕಾರು ಪೂರ್ತಿ ಬದಿಗೆ ನಿಂತ ಮೇಲೆ ದೊಡ್ಡವರ ಜೊತೆಗೇ ಇಳಿಯಿರಿ. ಫ್ಲ್ಯಾಶ್ ಬೇಡ. ಟಾರ್ಚಿಗೆ ತೆಳು ಕರವಸ್ತ್ರ ಸುತ್ತಿ ಓರೆಯಾಗಿ ಹಿಡಿದರೆ ಸಾಕು. ಮರದ ಮೇಲೆ ಕೆಂಡದಂಥ ಎರಡು ಕಣ್ಣು ಹೊಳೆದರೆ ಕಾಡುಪಾಪ ಇರಬಹುದು. ಅದರ ಮೇಲಂತೂ ಬೆಳಕು ನಿಲ್ಲಿಸಲೇಬೇಡಿ.

ಹಿಂದೆ ಕಪ್ಪೆಯ ಕಾಲುಗಳನ್ನು ವಿದೇಶಕ್ಕೆ ಮಾರಿ ಡಾಲರ್ ಗಳಿಸುತ್ತಿದ್ದೆವು. 1987ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ಬ್ಯಾಂಕಿನಲ್ಲಿ ಲೆಜರ್ ಬರೆದವನು ನಾನು, ಆ ವ್ಯಾಪಾರದ ಖರ್ಚಿನ ಕಲಂ ಕಾಣುತ್ತದೆ: ಕಪ್ಪೆ ಹೋದರೆ ಗದ್ದೆಯ ಹುಳುವಿಗೆ ಔಷಧಿ ಕೊಳ್ಳಬೇಕು.

ಈಗಿನ ಭಯ ನಮ್ಮ ಟೈರಿನದು. ಹೆಡ್‌ಲೈಟ್ ಬಿದ್ದರೆ ಕಪ್ಪೆ ಎಷ್ಟೋ ಸಲ ಅಲ್ಲೇ ಕೂತುಬಿಡುತ್ತದೆ. ತಾತಂದಿರ ಕನ್ನಡಕಕ್ಕೆ ಮಳೆಯಲ್ಲಿ ಅದು ಕಲ್ಲೋ ಎಲೆಯೋ ತಿಳಿಯದು. ಹಾಗಾಗಿ ನೋಡಿ ಕೂಗುವ ಕೆಲಸ ನಿಮ್ಮದು.