ತಟ್ಟೆ ಹಸಿರಾದರೆ ಸಾಲದು, ಅನ್ನ ಉಳಿಯಬೇಕು

ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಮದುವೆ ಹಾಲ್‌ಗಳಲ್ಲಿ ಈಗ ‘ಗ್ರೀನ್ ಪ್ರೊಟೋಕಾಲ್’ ಎಂಬ ಮಾತು ಚೆನ್ನಾಗಿ ಓಡುತ್ತಿದೆ. ಥರ್ಮಾಕೋಲ್ ತಟ್ಟೆ ಹೋಗಿ ಹಾಳೆ ತಟ್ಟೆ ಬಂತು, ಪ್ಲಾಸ್ಟಿಕ್ ಲೋಟ ಹೋಗಿ ಕಾಗದದ ಲೋಟ ಬಂತು. ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಿದ್ದೂ ಆಯಿತು. ಆದರೆ ಒಮ್ಮೆ ಹಾಲ್‌ನ ಹಿಂಬದಿಗೆ ಹೋಗಿ ನೋಡಿ. ಅದೇ ಹಾಳೆ ತಟ್ಟೆಯ ಮೇಲೆ ಅರ್ಧ ತಿಂದ ಬಿರಿಯಾನಿ, ಮುಟ್ಟದ ಕೋಳಿ ತುಂಡು, ಕಚ್ಚಿ ಬಿಟ್ಟ ಪತ್ತಿರ್ ರಾಶಿ ಬಿದ್ದಿರುತ್ತದೆ. ತಟ್ಟೆ ಮಣ್ಣಾಗುತ್ತದೆ, ಸರಿ. ಅನ್ನವನ್ನೂ ಮಣ್ಣಾಗಲು ಬಿಟ್ಟು ನಾವು ಯಾವ ಪರಿಸರ ಉಳಿಸಿದ್ದೇವೆ?

ನಾನು ಹೇಳಬೇಕಾದ್ದು ಇಷ್ಟೇ. ಆಹಾರದ ಹೊದಿಕೆಗೆ, ಅದು ಪೊಟ್ಟಣವಿರಲಿ, ಪಾತ್ರೆಯಿರಲಿ, ಎಲೆಯಿರಲಿ, ಎರಡು ಕೆಲಸ ಇದೆ. ಒಳಗಿರುವ ಆಹಾರ ಒಬ್ಬರ ಹೊಟ್ಟೆ ಸೇರುವ ತನಕ ಅದನ್ನು ಕಾಯುವುದು ಮೊದಲನೆಯದು. ಆ ಮೇಲೆ ಯಾರಿಗೂ ತೊಂದರೆ ಕೊಡದೆ ತಾನು ಹೋಗುವುದು, ಇಲ್ಲವೇ ಮತ್ತೊಮ್ಮೆ ಬಳಕೆಗೆ ಬರುವುದು ಎರಡನೆಯದು. ನಮ್ಮಲ್ಲಿ ಎರಡನೆಯದರ ಬಗ್ಗೆ ಮಾತ್ರ ಭಾಷಣ ನಡೆಯುತ್ತದೆ. ಮೊದಲನೆಯದನ್ನು ಕೇಳುವವರೇ ಇಲ್ಲ.

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಕೊಟ್ಟ ಲೆಕ್ಕದಂತೆ, 2022ರ ಒಂದೇ ವರ್ಷದಲ್ಲಿ ಜಗತ್ತಿನ ಮನೆ, ಹೋಟೆಲ್, ಅಂಗಡಿಗಳಲ್ಲಿ ಹಾಳಾದ ಆಹಾರ 105 ಕೋಟಿ ಟನ್. ಅದರಲ್ಲಿ ನೂರಕ್ಕೆ 60 ಪಾಲು ಹಾಳಾದದ್ದು ಮನೆಗಳಲ್ಲಿ. ಕೇರಳ ಉಣ್ಣುವ ಅಕ್ಕಿಯ ಬಹುಪಾಲು ಹೊರರಾಜ್ಯಗಳಿಂದ ಬರುತ್ತದೆ. ಲಾರಿಯಲ್ಲಿ, ರೈಲಿನಲ್ಲಿ ನೂರಾರು ಮೈಲು ದಾಟಿ ಬಂದ ಅಕ್ಕಿ ಅದು. ಅದನ್ನು ಚೆಲ್ಲುವ ಊರು ‘ಆಹಾರ ಭದ್ರತೆ’ಯ ಬಗ್ಗೆ ಮಾತಾಡಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಇಸ್ರಾಫ್ ಬೇಡ ಎಂದು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಆದರೆ ಮದುವೆ ದಿನ ಆ ಮಾತಿಗೆ ರಜೆ.

ನಮ್ಮ ಹಿರಿಯರು ಈ ಎರಡೂ ಕೆಲಸ ಬಲ್ಲವರಾಗಿದ್ದರು. ಅಕ್ಕಿ ಮುಡಿಯನ್ನೇ ನೆನಪಿಸಿಕೊಳ್ಳಿ. 14 ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ. 42 ಸೇರು ಅಕ್ಕಿಯನ್ನು ಬೈಹುಲ್ಲಿನೊಳಗೆ ತುಂಬಿ, ಬೈಹುಲ್ಲಿನದೇ ಹಗ್ಗದಿಂದ ಬಿಗಿದು, ಗುದ್ದಿ ಗುದ್ದಿ ಗಟ್ಟಿ ಮಾಡಿ, ಅಡುಗೆಮನೆಯ ಹೊಗೆ ತಾಗುವ ಅಟ್ಟದಲ್ಲಿ ಇಡುತ್ತಿದ್ದರು. ಮಳೆಗಾಲ ಪೂರ್ತಿ ಅದು ಮನೆಯನ್ನು ಸಾಕುತ್ತಿತ್ತು. ಬಿಚ್ಚಿದ ಮೇಲೆ ಹುಲ್ಲು ದನಕ್ಕೋ ಗೊಬ್ಬರದ ಗುಂಡಿಗೋ ಹೋಗುತ್ತಿತ್ತು. ಹಸಿ ಮೀನಿಗೆ ತೇಗದ ಎಲೆ, ಉಪ್ಪು ಮಾವಿನಮಿಡಿಗೆ ಭರಣಿ, ಮೂಡೆಗೆ ಮುಂಡೇವಿನ ಓಲಿ. ಇದನ್ನು ‘ಸುಸ್ಥಿರ ಪ್ಯಾಕೇಜಿಂಗ್’ ಎಂದು ಯಾರೂ ಕರೆಯಲಿಲ್ಲ, ಅದಕ್ಕೊಂದು ಬೋರ್ಡನ್ನೂ ಇಡಲಿಲ್ಲ.

ಹಾಗೆಂದು ಎಲ್ಲರೂ ಮುಡಿ ಕಟ್ಟಲು ಕುಳಿತುಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಹಳೆಯದೆಲ್ಲ ಚಿನ್ನ, ಪ್ಲಾಸ್ಟಿಕ್ ಎಲ್ಲ ವಿಷ ಎನ್ನುವ ವಾದವೂ ನನಗೆ ಒಪ್ಪಿಗೆಯಿಲ್ಲ. ಹಾಲಿನ ಪ್ಯಾಕೆಟ್ ಹಾಲನ್ನು ಕಾಯುತ್ತದೆ. ಅದನ್ನು ತೊಳೆದು ಒಣಗಿಸಿ ಹರಿತ ಕರ್ಮ ಸೇನೆಯ ಅಕ್ಕಂದಿರ ಕೈಗೆ ಕೊಟ್ಟರೆ ಅದರ ಕೆಲಸ ಮುಗಿಯಿತು. ಆಫ್ರಿಕಾದ ಕ್ಯಾಮರೂನ್‌ನಲ್ಲಿ ಅಲಸಂದೆ ಬೆಳೆಯುವ ರೈತರಿಗಾಗಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ರೂಪಿಸಿದ ಮೂರು ಪದರದ ಚೀಲವೂ ಪ್ಲಾಸ್ಟಿಕ್ಕೇ. ಗಾಳಿಯಾಡದಂತೆ ಕಟ್ಟಿದರೆ ಒಳಗಿನ ಆಮ್ಲಜನಕ ಕಡಿಮೆಯಾಗಿ ಹುಳು ಸಾಯುತ್ತದೆ. ಔಷಧ ಹಾಕದೆ ಕಾಳು ತಿಂಗಳುಗಟ್ಟಲೆ ಉಳಿಯುತ್ತದೆ, ಹರಿಯದಿದ್ದರೆ ಚೀಲ ಮುಂದಿನ ಬೆಳೆಗೂ ಆಗುತ್ತದೆ. ಆದರೆ ಎಳನೀರಿಗೆ ಹಾಕುವ ಪ್ಲಾಸ್ಟಿಕ್ ಸ್ಟ್ರಾ ಏನನ್ನು ಕಾಯುತ್ತದೆ? ಸಿಹಿ ಡಬ್ಬದ ಮೇಲೆ ಸುತ್ತುವ ಹಾಳೆ ಏನನ್ನು ಉಳಿಸುತ್ತದೆ? ವಸ್ತು ಯಾವುದು ಎಂದು ಕೇಳುವ ಮೊದಲು ಅದರ ಕೆಲಸ ಏನು ಎಂದು ಕೇಳಬೇಕು.

ಕಾನೂನು ಇಲ್ಲವೆಂದಲ್ಲ. ಕೇರಳದಲ್ಲಿ ಏಕಬಳಕೆ ಪ್ಲಾಸ್ಟಿಕ್ ನಿಷೇಧ ಜಾರಿಯಾದದ್ದು 2020ರ ಜನವರಿ 1ರಂದು. ತಟ್ಟೆ, ಲೋಟ, ಚಮಚ, ಸ್ಟ್ರಾಗಳಿಗೆ ಇಡೀ ದೇಶದಲ್ಲಿ ನಿಷೇಧ ಬಂದದ್ದು 2022ರ ಜುಲೈ 1ರಂದು. ನಾವು ಮಾಡಿದ್ದೇನು? ಒಂದು ಕಸದ ಜಾಗಕ್ಕೆ ಇನ್ನೊಂದು ಕಸ ತಂದೆವು. ಕಾಗದದ ಲೋಟದ ಒಳಗೋಡೆಗೆ ತೆಳು ಪ್ಲಾಸ್ಟಿಕ್ ಪದರ ಇರುತ್ತದೆ. ಇಲ್ಲದಿದ್ದರೆ ಚಹಾ ಸೋರುತ್ತಿತ್ತು. 100 ಮಿಲಿಲೀಟರ್ ಬಿಸಿ ದ್ರವ ಅದರಲ್ಲಿ 15 ನಿಮಿಷ ನಿಂತರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಸೇರುತ್ತವೆ ಎಂದು ಖರಗ್‌ಪುರದ ಐಐಟಿಯ ಸಂಶೋಧಕರು ತೋರಿಸಿದ್ದಾರೆ. ಇನ್ನು ‘ಕಾಂಪೋಸ್ಟೆಬಲ್’ ಎಂದು ಹಸಿರು ಎಲೆಯ ಚಿತ್ರ ಹಾಕಿ ಮಾರುವ ಚೀಲ, ಲೋಟಗಳು. ಜೋಳದ ಪಿಷ್ಟದಿಂದ ಮಾಡುವ ಪಿಎಲ್‌ಎ ಬೇಗ ಕೊಳೆಯಲು ಸುಮಾರು 58 ಡಿಗ್ರಿ ಬಿಸಿ ಹಿಡಿದಿಟ್ಟುಕೊಳ್ಳುವ ದೊಡ್ಡ ಗೊಬ್ಬರ ಘಟಕ ಬೇಕು. ನಮ್ಮ ತೆಂಗಿನ ಬುಡದ ಹೊಂಡ ಅಷ್ಟು ಬಿಸಿಯಾಗುತ್ತದೆಯೇ? ಅಲ್ಲಿ ಹಾಕಿದರೆ ಅದು ಮುಂದಿನ ಮಳೆಗಾಲಕ್ಕೂ ಅಲ್ಲೇ ಇರುತ್ತದೆ.

ಹಾಳೆ ತಟ್ಟೆಯ ಬಗ್ಗೆಯೂ ಒಂದು ಕಹಿ ಮಾತು. ಅಡಿಕೆ ಹಾಳೆಯ ತಟ್ಟೆ, ಬಟ್ಟಲುಗಳು ಆಹಾರಕ್ಕೆ ಸುರಕ್ಷಿತವಲ್ಲ ಎಂದು ಅಮೆರಿಕದ ಎಫ್‌ಡಿಎ 2025ರಲ್ಲಿ ಹೇಳಿತು. ಅಡಿಕೆಯಲ್ಲಿರುವ ಆಲ್ಕಲಾಯ್ಡ್‌ಗಳು ಆಹಾರಕ್ಕೆ ಇಳಿಯಬಹುದು ಎಂಬುದು ಅವರ ಆಕ್ಷೇಪ. ಇದನ್ನು ಕೇಳಿ ‘ನಮ್ಮ ಅಜ್ಜಂದಿರು ಹಾಳೆಯಲ್ಲೇ ಉಂಡವರು’ ಎಂದು ಎದೆ ತಟ್ಟಿಕೊಳ್ಳುವುದು ಸುಲಭ. ಅದು ಉತ್ತರವಲ್ಲ. ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ಇರುವುದು ನಮ್ಮ ಕಾಸರಗೋಡಿನಲ್ಲೇ. ಬಿಸಿ ಸಾರು, ಎಣ್ಣೆ, ಹುಳಿ ತಾಗಿದಾಗ ಹಾಳೆಯಿಂದ ಏನು ಇಳಿಯುತ್ತದೆ, ಎಷ್ಟು ಇಳಿಯುತ್ತದೆ ಎಂಬ ಲೆಕ್ಕ ಜನರಿಗೆ ಅರ್ಥವಾಗುವ ಭಾಷೆಯಲ್ಲಿ ಊರೂರಿಗೆ ತಲುಪಬೇಕು. ಅಡಿಕೆ ಬೆಳೆಗಾರನಿಗೂ ಹಾಳೆ ಹೆಕ್ಕುವ ಹೆಂಗಸರಿಗೂ ಬೇಕಾದ್ದು ಆ ಲೆಕ್ಕ, ಜಯಘೋಷ ಅಲ್ಲ.

ಹಾಗಾದರೆ ಮಾಡಬೇಕಾದ್ದೇನು? ಹೊಸದಾಗಿ ಕಂಡುಹಿಡಿಯಬೇಕಾದ್ದು ಏನೂ ಇಲ್ಲ. ಸ್ಟೀಲ್ ತಟ್ಟೆ ಇದೆ, ಮುಚ್ಚಳದ ಸ್ಟೀಲ್ ಡಬ್ಬ ಇದೆ. ಒಂದು ಜಮಾಅತ್, ಒಂದು ದೇವಸ್ಥಾನ, ಒಂದು ಇಗರ್ಜಿ, ಒಂದು ಯುವಕ ಸಂಘ ಸಾವಿರ ತಟ್ಟೆ, ಇನ್ನೂರು ಡಬ್ಬ ತೆಗೆದಿಟ್ಟರೆ ವರ್ಷಗಟ್ಟಲೆ ಊರಿಗೆ ಸಾಕು. ಲಕ್ಷಗಟ್ಟಲೆ ಖರ್ಚು ಮಾಡಿ ವೇದಿಕೆಗೆ ಹೂ ಕಟ್ಟಿಸುವವರಿಗೆ ತಟ್ಟೆ ತೊಳೆಯುವವರ ಕೂಲಿ ಭಾರವಾಗುತ್ತದೆ ಎಂದರೆ ನಾನು ನಂಬುವುದಿಲ್ಲ.

ಇನ್ನು ಪಾರ್ಸೆಲ್. ಬಿಸಿ ಬಿರಿಯಾನಿಯನ್ನು ತೆಳು ಪ್ಲಾಸ್ಟಿಕ್ ಡಬ್ಬಕ್ಕೆ ತುರುಕಿ, ಬಿಗಿಯಾಗಿ ಮುಚ್ಚಿ, ಕಾರಿನ ಡಿಕ್ಕಿಯಲ್ಲಿ ಸಂಜೆ ತನಕ ಇಡುವುದು ದಾನವಲ್ಲ, ಅಪಾಯ. ಬೇಯಿಸಿದ ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಉಳಿದರೆ ಅದರಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾದ ವಿಷ ಮತ್ತೆ ಕಾಯಿಸಿದರೂ ಹೋಗುವುದಿಲ್ಲ. ಹಂಚುವುದಾದರೆ 60 ಡಿಗ್ರಿಗಿಂತ ಮೇಲಿನ ಬಿಸಿಯಲ್ಲೇ ಹಂಚಿ. ಆಗದಿದ್ದರೆ ಅಗಲ ಪಾತ್ರೆಯಲ್ಲಿ ಹರಡಿ, ಬೇಗ ತಣಿಸಿ, ಫ್ರಿಜ್‌ಗೆ ಸೇರಿಸಿ. ಮಿಕ್ಕಿದ ಆಹಾರವನ್ನು ಸಂಗ್ರಹಿಸಿ ಹಂಚುವುದಕ್ಕೆ ಎಫ್‌ಎಸ್‌ಎಸ್‌ಎಐ 2019ರಲ್ಲೇ ನಿಯಮಾವಳಿ ಮಾಡಿದೆ. ಬಡವರ ಮನೆಗೆ ಹೋಗುವ ಅನ್ನಕ್ಕೆ ನಮ್ಮ ಮೇಜಿನ ಅನ್ನದಷ್ಟೇ ಮರ್ಯಾದೆ ಇರಬೇಕು. ಡಬ್ಬದ ಮೇಲೆ ಒಂದು ಚೀಟಿ ಅಂಟಿಸಿ: ಏನು, ಯಾವಾಗ ಬೇಯಿಸಿದ್ದು, ಎಷ್ಟು ಹೊತ್ತಿನೊಳಗೆ ತಿನ್ನಬೇಕು. ಅದನ್ನು ಕನ್ನಡದಲ್ಲೂ ಮಲಯಾಳದಲ್ಲೂ ಬರೆಯಿರಿ. ಅಂಗಡಿಯ ಪೊಟ್ಟಣಗಳ ಮೇಲೆ ಇಂಗ್ಲಿಷ್ ಇಲ್ಲವೇ ಹಿಂದಿ ಇದ್ದರೆ ಸಾಕು ಎನ್ನುತ್ತದೆ ನಿಯಮ. ಕನ್ನಡ ಮಾತ್ರ ಓದಬಲ್ಲ ಒಬ್ಬಳು ಉಮ್ಮನಿಗೆ ಆ ತಾರೀಖಿನ ಅರ್ಥ ಹೇಳುವವರು ಯಾರು? ಓದಲಾಗದ ಹೊದಿಕೆ ಒಳ್ಳೆಯ ಆಹಾರವನ್ನು ಕಸಕ್ಕೆ ಹಾಕಿಸುತ್ತದೆ, ಕೆಟ್ಟದ್ದನ್ನು ತಿನ್ನಿಸುತ್ತದೆ.

‘ಕಡಿಮೆ ಬಡಿಸಿದರೆ ಜನ ಆಡಿಕೊಳ್ಳುತ್ತಾರೆ’ ಎಂಬುದು ಕೊನೆಯ ವಾದ, ಮತ್ತು ಎಲ್ಲಕ್ಕಿಂತ ಗಟ್ಟಿ ವಾದ. ಆಡಿಕೊಳ್ಳಲಿ ಬಿಡಿ. ಮೊದಲು ಸ್ವಲ್ಪ ಬಡಿಸಿ, ಕೇಳಿದವರಿಗೆ ಕೈತುಂಬ ಬಡಿಸಿ. ಮುಂದಿನ ಮದುವೆಗೆ ಹಾಲ್ ಬುಕ್ ಮಾಡುವಾಗ ಎಸಿ ಇದೆಯಾ, ಪಾರ್ಕಿಂಗ್ ಇದೆಯಾ ಎಂದು ಕೇಳುವಂತೆ ಇನ್ನೆರಡು ಪ್ರಶ್ನೆ ಕೇಳಿ: ತೊಳೆಯುವ ತಟ್ಟೆ ಎಷ್ಟಿದೆ? ಮಿಕ್ಕಿದ ಅನ್ನ ಎಲ್ಲಿಗೆ ಹೋಗುತ್ತದೆ? ಉತ್ತರ ಇಲ್ಲದಿದ್ದರೆ ಬಾಗಿಲಿನ ಆ ಹಸಿರು ಬೋರ್ಡನ್ನು ಕೆಳಗಿಳಿಸಲು ಹೇಳಿ.